ಲೇಡಿ ಹೆರಿಂಗ್‌ಹ್ಯಾಮ್ : ಅಜಂತೆಯ ಚಿತ್ರಗಳನ್ನು ಪ್ರತಿಮಾಡಿದ ಮಹಿಳೆ

ಚಿತ್ರಲೇಖನದ ತರಗತಿಯಲ್ಲಿ ಮುಂದಿಟ್ಟ ಚಿತ್ರವನ್ನು ನೋಡಿಕೊಂಡು ಬರೆಯುವ ಬಾಲಿಕೆಗೆ, ತಾನು ಮಾಡುತ್ತಿರುವುದು ಬರಿಯ ನಕಲು ಎಂಬ ಬೇಸರವುಂಟಾಗುವುದು ಸಹಜವಾಗಿದೆ. ಸ್ವಂತವಾಗಿ ಕಲ್ಪಿಸಿದ್ದಕ್ಕೆ ಲೋಕದಲ್ಲಿ ಬೆಲೆಯುಂಟು. ನೋಡಿ ಬರೆದುದಕ್ಕೆ ಬೆಲೆಯಿಲ್ಲವೆಂದು ಹಿರಿಯರೂ ಎಷ್ಟೋ ವೇಳೆ ಹೇಳುವರು. ಆದರೆ ಪರರು ಬರೆದ ಚಿತ್ರವನ್ನು ನೋಡಿ ಬರೆಯುವುದಕ್ಕಾಗಿಯೇ ಸಮುದ್ರವನ್ನು ದಾಟಿ ಬಂದು, ಅದರಿಂದಲೇ ನಮ್ಮ ದೇಶಕ್ಕೆ ಮಹೋಪಕಾರವನ್ನು ಮಾಡಿದ ಒಬ್ಬ ಮಹಿಳೆಯಿದ್ದರು. ಅವರ ಸಂಗಡ ಮೈಸೂರು ಸೀಮೆಯ ತರುಣನೊಬ್ಬನೂ ಕುಂಚವನ್ನು ಹಿಡಿದಿದ್ದನು. ಈ ಸಂಚಿಕೆಯ ವಾಚಕರಲ್ಲಿ ಬಹುಮಂದಿ ನಮ್ಮ ಶಾಲೆಯಲ್ಲಿ ಓದಿ ಈಗ ತಾವೇ ತಾಯಂದಿರಾಗಿರುವವರು. ಅವರಿಗೂ ಅವರ ಮಕ್ಕಳಿಗೂ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಆ ಮಹಿಳೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಕ್ರಿಸ್ಟಿಯಾನಾ ಜೇನ್ ಪೊವೆಲ್ ಎಂಬ ಹೆಸರಿನ ಇವರು 1852ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತಂದೆ ಥಾಮಸ್ ವೈಲ್ಡ್ ಪೊವೆಲ್ ಷೇರು ವ್ಯಾಪಾರದಲ್ಲಿ ಬಹಳ ದ್ರವ್ಯವನ್ನು ಸಂಪಾದಿಸಿದ್ದವರು. ಕೈಗೆಲಸದ ಸೊಬಗನ್ನು ಬಲ್ಲವರೂ ಕುಶಲ ಕೆಲಸಗಾರರಿಗೆ ಆಶ್ರಯವಿತ್ತವರೂ ಆಗಿದ್ದುದರಿಂದ, ಮನೆಯಲ್ಲಿ ಒಳ್ಳೆಯ ಚಿತ್ರಗಳಿಗೂ ಒಳ್ಳೆಯ ಮಾತುಕತೆಗೂ ಕೊರತೆಯಿರಲಿಲ್ಲ. 1880ರಲ್ಲಿ ಈಕೆ ವಿಲ್ಮಟ್ ಹೆರಿಂಗ್‌ಹ್ಯಾಮ್ ಎಂಬ ವೈದ್ಯರ ಕೈಹಿಡಿದರು. ಆ ವೈದ್ಯರು ಲಂಡನ್ನಿನ ಸೇಂಟ್ ಬಾರ್ತಲೋಮಿಯೋ ಆಸ್ಪತ್ರೆಯಲ್ಲಿ ಹೆಸರುವಾಸಿಯಾಗಿ, ಮುಂದೆ ಲಂಡನ್ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ದಂಪತಿಗಳಿಗೆ ಇಬ್ಬರು ಗಂಡುಮಕ್ಕಳಾದರು. ಹಿರಿಯ ಮಗನು ಕಾಯಿಲೆಯಿಂದ ನರಳಿ ಬಾಲ್ಯದಲ್ಲಿಯೇ ತೀರಿಕೊಂಡನು. ಮಗುವನ್ನು ಕಳೆದುಕೊಂಡ ತಾಯಿಯ ದುಃಖವು ಎಂಥದೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ. ಆ ದುಃಖದ ಬಳಿಕ ಅವರು ತಮ್ಮನ್ನು ಕೆಲಸಕ್ಕೆ ಒಪ್ಪಿಸಿಕೊಂಡ ಬಗೆಯು ಮಾತ್ರ ಗಮನಾರ್ಹವಾದುದು.

ಇಟಲಿಯ ಪೂರ್ವಕಾಲದ ಚಿತ್ರಗಾರರು ಎಣ್ಣೆಯ ಬಣ್ಣವು ಬಳಕೆಗೆ ಬರುವುದಕ್ಕೆ ಮುಂಚೆ, ಕೋಳಿಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿಯನ್ನು ಅರೆದು ಬರೆಯುತ್ತಿದ್ದರು. ಟೆಂಪೆರಾ ಎಂಬ ಈ ವಿಧಾನವು ಕಾಲಕ್ರಮದಲ್ಲಿ ಮರೆತುಹೋಗಿತ್ತು. ಚೆನ್ನಿನೊ ಚೆನ್ನೀನಿ ಎಂಬ ಇಟಲಿಯ ಕುಶಲಿಯು ಆ ವಿದ್ಯೆಯ ವಿವರಗಳನ್ನೆಲ್ಲ ಒಂದು ಗ್ರಂಥದಲ್ಲಿ ಬರೆದಿಟ್ಟಿದ್ದನು. ಶ್ರೀಮತಿ ಹೆರಿಂಗ್‌ಹ್ಯಾಮ್ ಅವರು ಆ ಗ್ರಂಥವನ್ನು ಇಂಗ್ಲಿಷಿಗೆ ಪರಿವರ್ತಿಸಿ 1899ರಲ್ಲಿ ಪ್ರಕಟಿಸಿದರು. ಭಾಷಾಂತರದಿಂದಲೇ ತೃಪ್ತರಾಗದೆ, ಅದರಲ್ಲಿ ಹೇಳಿದುದನ್ನು ತಾವೇ ಮಾಡಿನೋಡಿ, ಬೊಟ್ಟಿಚೆಲ್ಲಿ ಮುಂತಾದ ಪ್ರಾಚೀನರ ಚಿತ್ರಗಳನ್ನು ಅದೇ ವಿಧಾನದಲ್ಲಿ ಪ್ರತಿಮಾಡಿದರು. ಪ್ರತಿಮಾಡುವುದೆಂದರೆ ಅವರಿಗೆ ಹೊರಗಣ ರೂಪವನ್ನು ಕದಿಯುವುದಾಗಿರಲಿಲ್ಲ. ಮೊದಲು ಬರೆದವನ ಕೈಯು ಹೇಗೆ ನಡೆಯಿತೆಂಬುದನ್ನು ತನ್ನ ಕೈಯಿಂದಲೇ ಕಲಿಯುವುದಾಗಿದ್ದಿತು.

1901ರಲ್ಲಿ ಟೆಂಪೆರಾ ಚಿತ್ರಗಾರರ ಸಂಘವನ್ನು ಸ್ಥಾಪಿಸಿದವರಲ್ಲಿ ಇವರೊಬ್ಬರು. ಇಂಗ್ಲೆಂಡಿನ ಉತ್ತಮ ಚಿತ್ರಗಳು ಧನಿಕರ ಪಾಲಾಗಿ ಪರದೇಶಗಳಿಗೆ ಮಾರಿಹೋಗುತ್ತಿದ್ದ ಆ ಕಾಲದಲ್ಲಿ, ಅವುಗಳನ್ನು ಸಾರ್ವಜನಿಕರಿಗಾಗಿ ಕೊಳ್ಳಲು ರಾಷ್ಟ್ರೀಯ ಕಲಾಸಂಗ್ರಹ ನಿಧಿಯು 1903ರಲ್ಲಿ ಏರ್ಪಟ್ಟಿತು. ಅದಕ್ಕೆ ಮೊದಲ ಬಂಡವಾಳವಾಗಿ ಇನ್ನೂರು ಪೌಂಡುಗಳನ್ನಿತ್ತವರು ಇವರೇ. ವೆಲಾಸ್ಕೆಸ್ ಎಂಬ ಸ್ಪೇನ್ ದೇಶದ ಮಹಾ ಚಿತ್ರಗಾರನ ಪ್ರಖ್ಯಾತ ಚಿತ್ರವೊಂದನ್ನು ಆ ನಿಧಿಯು 1906ರಲ್ಲಿ 45,000 ಪೌಂಡುಗಳಿಗೆ ಕೊಂಡು ಲಂಡನ್ನಿನ ಚಿತ್ರಶಾಲೆಗೆ ಒಪ್ಪಿಸಿತು. ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಬೇಕೆಂಬ ಚಳವಳಿಗೂ ಇವರು ಬೆಂಬಲವಾಗಿದ್ದು, ಮೆರವಣಿಗೆಯ ಧ್ವಜಪಟಗಳ ಕೆಲಸಕ್ಕೆ ನೆರವಾದರು. ಹೀಗೆ ಐವತ್ತು ವರ್ಷ ದಾಟುವ ಹೊತ್ತಿಗೆ ಅವರು ತಮ್ಮ ದೇಶದಲ್ಲಿ ಮನ್ನಣೆ ಪಡೆದ ವಿದುಷಿಯಾಗಿದ್ದರು. ಅನೇಕರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿಯೇ ಅವರ ಬಾಳಿನ ಮುಖ್ಯ ಕಾರ್ಯವು ಆರಂಭವಾಯಿತು.

ಆ ಕಾರ್ಯದ ಸ್ಥಳವು ಅಜಂತೆ. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದು ಈಗ ಮಹಾರಾಷ್ಟ್ರದಲ್ಲಿರುವ ಆ ಊರಿನ ಬಳಿ, ವಾಘೋರಾ ನದಿಯು ಕುದುರೆಯ ಲಾಳದಂತೆ ಬಳಸಿ ಹರಿಯುವ ಕಣಿವೆಯಲ್ಲಿ, ಬೌದ್ಧ ಭಿಕ್ಷುಗಳಿಗಾಗಿ ಕೊರೆದ ಸುಮಾರು 30 ಗುಹೆಗಳಿವೆ. ಅವುಗಳಲ್ಲಿ ಕೆಲವು ಕ್ರಿಸ್ತಪೂರ್ವ ಕಾಲದವು; ಹೆಚ್ಚಿನವು ಕ್ರಿಸ್ತಶಕ ಐದನೆಯ ಶತಮಾನದವೆಂದು ಇಂದಿನ ವಿದ್ವಾಂಸರ ಮತ. ಕಾಡು ಬೆಳೆದು ಮರೆಯಾಗಿದ್ದ ಈ ಗುಹೆಗಳನ್ನು 1819ರಲ್ಲಿ ಹುಲಿಬೇಟೆಗೆ ಬಂದಿದ್ದ ಜಾನ್ ಸ್ಮಿತ್ ಎಂಬ ಮದರಾಸು ದಂಡಿನ ಅಧಿಕಾರಿಯು ಕಂಡನು. ಗೋಡೆಗಳ ಮೇಲೆ ಬುದ್ಧನ ಪೂರ್ವಜನ್ಮದ ಕಥೆಗಳು ಚಿತ್ರಿತವಾಗಿವೆ. ಆದರೆ ಆ ಕಥೆಗಳ ನೆವದಿಂದ ಚಿತ್ರಗಾರರು ಬರೆದದ್ದು ಈ ನೆಲದ ಜನರನ್ನೇ. ರಾಜರು, ರಾಣಿಯರು, ದಾಸಿಯರು, ಭಿಕ್ಷುಗಳು, ವ್ಯಾಪಾರಿಗಳು, ಆನೆಯ ದಂತಕ್ಕಾಗಿ ಅರಣ್ಯವನ್ನು ಹೊಕ್ಕ ಬೇಡರು, ಬುದ್ಧನ ಎದುರು ಮಗುವನ್ನು ನಿಲ್ಲಿಸಿದ ತಾಯಿ, ಹೀಗೆ ಕಪ್ಪು, ಕಂದು, ಗೋಧಿ ಮೊದಲಾದ ಎಲ್ಲ ಮೈಬಣ್ಣದವರೂ ಅಲ್ಲಿದ್ದಾರೆ. ಮೊದಲನೆಯ ಗುಹೆಯ ಒಂದು ಆಸ್ಥಾನಚಿತ್ರದಲ್ಲಿ ಪಾರಸೀಕರಂತೆ ಉಡುಪು ಧರಿಸಿದ ಪರದೇಶೀಯರು ಕಾಣುವರು. ಅದು ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿಯ ಓಲಗವೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ನಂಬಿದ್ದರು. ಗುಹೆಯ ಕಾಲವು ಪುಲಿಕೇಶಿಗಿಂತ ಹಿಂದಿನದೆಂದು ತಿಳಿದುಬಂದುದರಿಂದ ಈಗ ಆ ಅಭಿಪ್ರಾಯವನ್ನು ಹೆಚ್ಚಿನವರು ಬಿಟ್ಟಿದ್ದಾರೆ.

ಈ ಚಿತ್ರಗಳು ಕಾಣುಕಾಣುತ್ತಲೇ ನಾಶವಾಗುತ್ತಿದ್ದವು. ಮಣ್ಣಿನ ಗಾರೆಯ ಮೇಲೆ ಸುಣ್ಣದ ತೆಳುಲೇಪವನ್ನು ಕೊಟ್ಟು ಬರೆದ ಚಿತ್ರಗಳಾದುದರಿಂದ ನೀರು ಸೋರಿದಲ್ಲಿ ಗಾರೆಯು ಉದುರುತ್ತಿತ್ತು. ನೋಡಲು ಬಂದವರು ಗೋಡೆಯ ಮೇಲೆ ಹೆಸರು ಕೆತ್ತುತ್ತಿದ್ದರು. ಆದುದರಿಂದ ಪ್ರತಿಗಳನ್ನಾದರೂ ಮಾಡಿಡಬೇಕೆಂದು ಈಸ್ಟ್ ಇಂಡಿಯಾ ಕಂಪೆನಿಯವರು 1844ರಲ್ಲಿ ರಾಬರ್ಟ್ ಗಿಲ್ ಎಂಬ ಮದರಾಸು ದಂಡಿನ ಅಧಿಕಾರಿಯನ್ನು ನೇಮಿಸಿದರು. ಅವನು ಅಜಂತೆಯಲ್ಲಿಯೇ ನೆಲಸಿ ಹದಿನೈದು ವರ್ಷಗಳಿಗೂ ಮೀರಿ ಶ್ರಮಪಟ್ಟು ದೊಡ್ಡ ದೊಡ್ಡ ಪಟಗಳನ್ನು ಬರೆದು ಲಂಡನ್ನಿಗೆ ಕಳುಹಿಸಿದನು. 1866ರಲ್ಲಿ ಅಲ್ಲಿನ ಸ್ಫಟಿಕ ಮಂದಿರಕ್ಕೆ ಬೆಂಕಿ ಬಿದ್ದು, ಪ್ರದರ್ಶನಕ್ಕಿಟ್ಟಿದ್ದ ಪಟಗಳೆಲ್ಲ ಸುಟ್ಟುಹೋದವು. ಬೇರೆ ಕಡೆ ಇದ್ದ ಕೆಲವು ಮಾತ್ರ ಉಳಿದವು. ಬಳಿಕ ಬೊಂಬಾಯಿಯ ಸರ್ ಜೆ. ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ಎಂಬುವರು ತಮ್ಮ ಭಾರತೀಯ ವಿದ್ಯಾರ್ಥಿಗಳೊಡನೆ 1872ರಲ್ಲಿ ಆ ಕೆಲಸವನ್ನು ಪುನಃ ಆರಂಭಿಸಿ 1885ರವರೆಗೆ ನಡೆಸಿದರು. ಅದೇ 1885ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ಬೆಂಕಿ ಹತ್ತಿ ಅವುಗಳಲ್ಲಿಯೂ ಅನೇಕವು ಭಸ್ಮವಾದವು. ಬಣ್ಣಗಳು ಎದ್ದು ಕಾಣಲೆಂದು ಪ್ರತಿಕಾರರು ಗೋಡೆಗೆ ಬಳಿದಿದ್ದ ವಾರ್ನಿಷು ಕಾಲಾಂತರದಲ್ಲಿ ಕಪ್ಪಾಗಿ ಮೂಲಕ್ಕೂ ಹಾನಿಯಾಯಿತು. ಎರಡು ತಲೆಮಾರುಗಳ ಶ್ರಮವು ಹೀಗೆ ಬಹುಪಾಲು ನಷ್ಟವಾದ ಮೇಲೆ ಮೂರನೆಯ ಪ್ರಯತ್ನಕ್ಕೆ ಮುಂದಾದವರೇ ಶ್ರೀಮತಿ ಹೆರಿಂಗ್‌ಹ್ಯಾಮ್.

ಅವರು 1906ರ ಪ್ರವಾಸದಲ್ಲಿ ಅಜಂತೆಯನ್ನು ಮೊದಲು ಕಂಡರು. ಮೊಟ್ಟೆಯ ಹಳದಿಯಲ್ಲಿ ಬಣ್ಣವನ್ನು ಕಲಸಿ ಇಟಲಿಯ ಪ್ರಾಚೀನರ ಹಾದಿಯನ್ನು ತುಳಿದು ಬಂದಿದ್ದ ಅವರ ಕಣ್ಣಿಗೆ, ಈ ಗೋಡೆಗಳು ಹಸಿ ಗಾರೆಯ ಮೇಲೆ ಬರೆದವಲ್ಲವೆಂಬುದೂ, ಒಣಗಿದ ನೆಲಗಟ್ಟಿನ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣದಿಂದ ಬರೆದವೆಂಬುದೂ ಸುಲಭವಾಗಿ ಹೊಳೆಯಿತು. ಮೊದಲು ಬಿಳಿಯ ಲೇಪದ ಮೇಲೆ ಕೆಂಪು ರೇಖೆಯಿಂದ ದಿಟ್ಟವಾಗಿ ಆಕಾರವನ್ನು ಬರೆದು, ಅದರ ಮೇಲೆ ತೆಳುವಾದ ಛಾಯೆಯನ್ನು ಹರಡಿ, ಬಳಿಕ ಬಣ್ಣಗಳನ್ನು ತುಂಬಿ, ಕಡೆಗೆ ಕಂದು ಕಪ್ಪು ರೇಖೆಗಳಿಂದ ರೂಪವನ್ನು ಮತ್ತೆ ಎತ್ತಿ ತೋರಿಸಿರುವ ಕ್ರಮವನ್ನು ಅವರು ಪರೀಕ್ಷಿಸಿ ತಿಳಿದರು. ಹಿಂದಿನವರು ಎಣ್ಣೆಬಣ್ಣದ ಅಭ್ಯಾಸದಿಂದ ನೋಡಿದ್ದ ಚಿತ್ರಗಳನ್ನು ಇವರು ರೇಖೆಯ ಕಡೆಯಿಂದ ನೋಡಿದರು. ಅಜಂತೆಯ ಜೀವವು ರೇಖೆಯಲ್ಲಿಯೇ ಇರುವುದೆಂಬ ಮಾತು ಇಂದು ಎಲ್ಲರಿಗೂ ತಿಳಿದಿದೆ. ಅಂದು ಅದನ್ನು ಅರಿತವರು ವಿರಳ.

1909-10 ಮತ್ತು 1910-11ರ ಎರಡು ಚಳಿಗಾಲಗಳಲ್ಲಿ ಪ್ರತಿಮಾಡುವ ಕೆಲಸವು ನಡೆಯಿತು. ಮೊದಲನೆಯ ಸಲ ಅವರಿಗೆ ವಯಸ್ಸು 57. ಕಾಡಿನ ಮಗ್ಗುಲಲ್ಲಿ ಡೇರೆ ಹಾಕಿಸಿ ವಾಸಮಾಡಬೇಕು. ದಿನವೂ ಗುಹೆಗಳಿಗೆ ನಡೆದು ಹೋಗಬೇಕು. ಬಾವಲಿಗಳ ದುರ್ನಾತದಲ್ಲಿ, ಹೊರಗಿನ ಬೆಳಕು ಸರಿಯಾಗಿ ತಲುಪದ ಒಳಗೋಡೆಗಳೆದುರು, ಅಟ್ಟಣೆಯನ್ನು ಹತ್ತಿ ಗಂಟೆಗಟ್ಟಲೆ ನಿಲ್ಲಬೇಕು. ಸವೆದುಹೋದ ಕಡೆ ರೇಖೆಯು ಎಲ್ಲಿಂದ ಎಲ್ಲಿಗೆ ಹೋಗಿತ್ತೆಂಬುದನ್ನು ಕಂಡುಹಿಡಿಯದೆ ಕುಂಚವನ್ನು ಮುಂದುವರಿಸುವಂತಿಲ್ಲ. ಇಲ್ಲದುದನ್ನು ಊಹಿಸಿ ತುಂಬಿದರೆ ಪ್ರತಿಯು ಸುಳ್ಳಾಗುವುದು. ಇರುವ ಕಲೆಗಳನ್ನಷ್ಟೇ ಬರೆದರೆ ಮುಖವು ಕಾಣದೆ ಹೋಗುವುದು. ಪ್ರತಿಮಾಡುವವರ ಸತ್ಯಪರೀಕ್ಷೆಯು ಇದೇ.

ಈ ಕಾರ್ಯಕ್ಕೆ ಇಂಗ್ಲೆಂಡಿನವರು ಸಾಲದು, ಈ ದೇಶದ ತರುಣ ಚಿತ್ರಗಾರರೂ ಬೇಕೆಂದು ಅವರು ಬಯಸಿದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುತ್ತಿದ್ದ ಶಿಷ್ಯರನ್ನು ಕಳುಹಿಸುವಂತೆ ಸೋದರಿ ನಿವೇದಿತಾ ಅವರು ಒತ್ತಾಯಪಡಿಸಿದರು. ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಎಂಬುವರೂ, ಅವರ ಜತೆಗೆ ಕೆ. ವೆಂಕಟಪ್ಪನವರೂ ಬಂದರು. ಹೈದರಾಬಾದಿನ ಕಡೆಯಿಂದ ಸೈಯದ್ ಅಹಮದ್ ಮತ್ತು ಮುಹಮ್ಮದ್ ಫಜಲುದ್ದೀನ್ ಸೇರಿದರು. ಇಂಗ್ಲೆಂಡಿನಿಂದ ಕುಮಾರಿ ಡಾರತಿ ಲಾರ್ಚರ್ ಮತ್ತು ಕುಮಾರಿ ಲ್ಯೂಕ್ ಬಂದಿದ್ದರು. ಹಿಂದೂಗಳೂ ಮುಸಲ್ಮಾನರೂ ಆಂಗ್ಲೇಯ ಸ್ತ್ರೀಯರೂ ಒಂದೇ ಅಟ್ಟಣೆಯ ಮೇಲೆ ನಿಂತು, ಬೌದ್ಧ ಭಿಕ್ಷುಗಳ ಗೋಡೆಯನ್ನು ನೋಡಿ ಬರೆದರು.

ವೆಂಕಟಪ್ಪನವರ ಹೆಸರನ್ನು ಬೆಂಗಳೂರಿನವರಿಗೆ ಪರಿಚಯಮಾಡಿಸಬೇಕಾಗಿಲ್ಲ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಕಲಿಯಲು ಹೋಗಿದ್ದ ಅವರು ಆಗ ಇಪ್ಪತ್ತನಾಲ್ಕರ ಆಸುಪಾಸಿನ ತರುಣರು. ಮುಂದೆ ಉದಕಮಂಡಲ, ಕೊಡೈಕಾನಲ್ ಬೆಟ್ಟಗಳ ವರ್ಣಚಿತ್ರಗಳಿಂದಲೂ, ಗಾರೆಯ ಉಬ್ಬುಚಿತ್ರಗಳಿಂದಲೂ, ವೀಣಾವಾದನದಿಂದಲೂ ಕೀರ್ತಿಯನ್ನು ಪಡೆದು, ಬೆಂಗಳೂರಿನಲ್ಲಿ ನೆಲಸಿ, 1965ರಲ್ಲಿ ಕಾಲವಾದರು. ಕಸ್ತೂರಬಾ ರಸ್ತೆಯಲ್ಲಿರುವ ಚಿತ್ರಶಾಲೆಯು ಅವರ ಹೆಸರನ್ನು ಹೊತ್ತಿದೆ. ಕಾಟನ್‌ಪೇಟೆಯಿಂದ ಅಲ್ಲಿಗೆ ದೂರವೇನೂ ಇಲ್ಲ. ನಮ್ಮ ವಿದ್ಯಾರ್ಥಿನಿಯರು ಅಲ್ಲಿ ಅವರ ಚಿತ್ರಗಳ ಕೂದಲೆಳೆಯಂಥ ಗೆರೆಗಳನ್ನು ಕಂಡಾಗ, ಆ ಕೈಯು ಒಮ್ಮೆ ಅಜಂತೆಯ ಗೋಡೆಯ ಮುಂದೆ ವಿನಯದಿಂದ ಪ್ರತಿಮಾಡುತ್ತ ನಿಂತಿತ್ತೆಂಬುದನ್ನು ನೆನೆಯಬಹುದು. ಕೀರ್ತಿವಂತರಾದ ಮೇಲೆ ಸ್ವತಂತ್ರವೃತ್ತಿಗೆ ಹೆಸರಾದ ಅವರು ಮೊದಲು ಪ್ರತಿಕಾರರೂ ಆಗಿದ್ದರು.

ಭಾರತದಲ್ಲಿ ಈ ಕೆಲಸವು ನಡೆಯುತ್ತಿದ್ದಾಗಲೇ ಲಂಡನ್ನಿನಲ್ಲಿ ಒಂದು ವಿವಾದವು ಎದ್ದಿತು. 1910ರ ಜನವರಿಯಲ್ಲಿ ಸರ್ ಜಾರ್ಜ್ ಬರ್ಡ್‌ವುಡ್ ಎಂಬ ಹಿರಿಯ ಅಧಿಕಾರಿಯು ಒಂದು ಸಭೆಯಲ್ಲಿ, ಭಾರತೀಯರಲ್ಲಿ ಕೈಗಾರಿಕೆಯ ಸೊಬಗುಂಟೇ ಹೊರತು ಶ್ರೇಷ್ಠವಾದ ಲಲಿತಕಲೆಯಿಲ್ಲವೆಂಬ ಅಭಿಪ್ರಾಯವನ್ನು ಸೂಚಿಸಿದರು. ಹದಿಮೂರು ಮಂದಿ ಚಿತ್ರಗಾರರೂ ವಿಮರ್ಶಕರೂ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಇದನ್ನು ಪ್ರತಿಭಟಿಸಿದರು. ಆ ವರ್ಷವೇ ವಿಲಿಯಂ ರಾಥೆನ್‌ಸ್ಟೈನ್, ಇ. ಬಿ. ಹ್ಯಾವೆಲ್ ಮುಂತಾದವರು ಸೇರಿ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಶ್ರೀಮತಿ ಹೆರಿಂಗ್‌ಹ್ಯಾಮ್ ಅದರ ಸ್ಥಾಪಕರಲ್ಲೊಬ್ಬರು. ವಾದಕ್ಕೆ ಪ್ರತಿವಾದವನ್ನು ಯಾರಾದರೂ ಹೂಡಬಹುದು. ಆದರೆ ಅಜಂತೆಯ ಗೋಡೆಗಳನ್ನು ಲಂಡನ್ನಿಗೆ ಒಯ್ಯುವಂತಿರಲಿಲ್ಲ. ಒಯ್ಯಬಹುದಾಗಿದ್ದುದು ಪ್ರತಿಗಳನ್ನು ಮಾತ್ರ. 1911ರಲ್ಲಿ ಅವು ಲಂಡನ್ನಿನಲ್ಲಿ ಪ್ರದರ್ಶಿತವಾದವು. ಸಂದೇಹಪಟ್ಟವರ ಮುಂದೆ ಸಾಕ್ಷಿಯಾಗಿ ನಿಂತದ್ದು ಆ ಕೈಬರಹದ ಪಟಗಳೇ.

ಇಲ್ಲಿಂದ ಮುಂದಿನ ಕಥೆಯು ದುಃಖಕರವಾದುದು. ಆದರೂ ಅದನ್ನು ಮುಚ್ಚಿಡುವುದು ಸರಿಯಲ್ಲ. ಅಜಂತೆಯಿಂದ ಹಿಂದಿರುಗಿದ ತರುವಾಯ ಅವರ ಮನಸ್ಸು ಸ್ಥಿಮಿತವನ್ನು ಕಳೆದುಕೊಂಡಿತು. ಯಾರೋ ತಮ್ಮನ್ನು ಹಿಂಬಾಲಿಸಿ ಹಿಂಸಿಸುವರೆಂಬ ಭೀತಿಯು ಆವರಿಸಿತು. 1911ರಿಂದಾಚೆಗೆ ಅವರು ಚಿಕಿತ್ಸಾಲಯಗಳಲ್ಲಿಯೇ ಕಾಲಕಳೆಯಬೇಕಾಯಿತು. 1914ರಲ್ಲಿ ಪತಿಗೆ ಸರ್ ಪದವಿಯು ದೊರೆತು ಅವರು ಲೇಡಿ ಹೆರಿಂಗ್‌ಹ್ಯಾಮ್ ಆದರು. ಅದೇ ವರ್ಷ ಮಹಾಯುದ್ಧವು ಆರಂಭವಾಗಿ, ಉಳಿದಿದ್ದ ಒಬ್ಬನೇ ಮಗನು ರಣರಂಗದಲ್ಲಿ ಮಡಿದನು. 1915ರಲ್ಲಿ ಇಂಡಿಯಾ ಸೊಸೈಟಿಯವರು ಅಜಂತೆಯ ಪ್ರತಿಚಿತ್ರಗಳನ್ನು ದೊಡ್ಡ ಗ್ರಂಥವಾಗಿ ಅಚ್ಚುಹಾಕಿಸಿದರು. ಪದವಿಯೂ ಪುತ್ರಶೋಕವೂ ಪುಸ್ತಕವೂ ಹೀಗೆ ಒಂದರ ಹಿಂದೆ ಒಂದಾಗಿ ಬಂದಾಗ ಅವರು ಮನೆಯಲ್ಲಿರಲಿಲ್ಲ. ತಮ್ಮ ಶ್ರಮದ ಫಲವನ್ನು ಕೈಯಲ್ಲಿ ಹಿಡಿದು ಸಂತೋಷಪಡುವ ಭಾಗ್ಯವು ಅವರಿಗಿರಲಿಲ್ಲ. ಹದಿನೆಂಟು ವರ್ಷಗಳಷ್ಟು ಕಾಲ ಆ ಸ್ಥಿತಿಯಲ್ಲಿದ್ದು, 1929ರಲ್ಲಿ ದೇಹವನ್ನು ಬಿಟ್ಟರು.

ದೇಹಕ್ಕೆ ಜ್ವರ ಬಂದರೆ ನಾಚಿಕೆಪಡದ ನಾವು, ಮನಸ್ಸಿಗೆ ಕಾಯಿಲೆ ಬಂದರೆ ಮನೆಯ ಬಾಗಿಲನ್ನು ಮುಚ್ಚುವೆವು. ಬಂಧುಗಳು ಹೆಸರೆತ್ತುವುದನ್ನು ಬಿಡುವರು. ಆ ವ್ಯಕ್ತಿಯು ಹಿಂದೆ ಮಾಡಿದ ಒಳ್ಳೆಯದೆಲ್ಲವೂ ಕಾಯಿಲೆಯ ಮರೆಯಲ್ಲಿ ಅಡಗಿಹೋಗುವುದು. ಇವರ ವಿಷಯದಲ್ಲಿಯೂ ಬಹುಕಾಲ ಹಾಗೆಯೇ ಆಯಿತು. ನಿಧಿಯ ಚರಿತ್ರೆಯನ್ನು ಹೇಳುವಾಗ ಗಂಡಸರ ಹೆಸರುಗಳು ಮುಂದಾದವು; ಇವರ ಜೀವನವನ್ನು ಕುರಿತ ಪೂರ್ಣವಾದ ಗ್ರಂಥವು ಹೊರಬಂದದ್ದು 1996ರಲ್ಲಿ. ಕಾಯಿಲೆಯು ಒಂದು ಬಾಳಿನ ಕಡೆಯ ಭಾಗವಾಗಿರಬಹುದು; ಅದು ಆ ಬಾಳಿನ ಬೆಲೆಯನ್ನು ಕಟ್ಟುವ ತಕ್ಕಡಿಯಲ್ಲ. ನಮ್ಮ ಮನೆಗಳಲ್ಲಿ ಅಂಥವರಿದ್ದರೆ ಅವರನ್ನು ನೆನೆಯುವಾಗಲೂ ನೋಡಿಕೊಳ್ಳುವಾಗಲೂ ಈ ಮಾತನ್ನು ಮರೆಯಬಾರದು.

ಅವರು ಬಿತ್ತಿದ್ದು ಮಾತ್ರ ಬೆಳೆಯುತ್ತ ಹೋಯಿತು. ನಂದಲಾಲ ಬೋಸರು ಅಜಂತೆಯಲ್ಲಿ ಕಲಿತ ರೇಖೆಯನ್ನು ಶಾಂತಿನಿಕೇತನದಲ್ಲಿ ನೂರಾರು ಶಿಷ್ಯರಿಗೆ ಧಾರೆಯೆರೆದರು. ಭಾರತ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸಿದವರೂ ಅವರೂ ಅವರ ಶಿಷ್ಯರೂ. ಕುಮಾರಿ ಲಾರ್ಚರ್ ಅವರು ಈ ದೇಶದಲ್ಲಿಯೇ ಕೆಲವು ವರ್ಷ ನಿಂತು, ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ಮರದ ಅಚ್ಚುಗಳಿಂದ ಬಟ್ಟೆಗೆ ಬಣ್ಣ ಹಾಕುವ ಕುಶಲತೆಯಲ್ಲಿ ಪ್ರಖ್ಯಾತರಾದರು. ಹತ್ತಿಯ ಹೆಸರನ್ನೇ ಹೊತ್ತಿರುವ ನಮ್ಮ ಪೇಟೆಯವರಿಗೆ ಇದು ಹಿತವಾದ ಸುದ್ದಿ. ಶ್ರೀಮತಿ ಹೆರಿಂಗ್‌ಹ್ಯಾಮ್ ಅವರ ಸಂಗ್ರಹದ ಚಿತ್ರಗಳಲ್ಲಿ ಅನೇಕವನ್ನು ಪತಿಯು ಸ್ತ್ರೀಯರ ಉನ್ನತ ವಿದ್ಯಾಭ್ಯಾಸಕ್ಕಾಗಿ ಏರ್ಪಟ್ಟಿದ್ದ ಬೆಡ್‌ಫರ್ಡ್ ಮತ್ತು ನ್ಯೂನ್‌ಹ್ಯಾಮ್ ಕಾಲೇಜುಗಳಿಗೆ ದಾನಮಾಡಿದರು. ಅಜಂತೆಯು 1983ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಆ ಗೋಡೆಗಳ ಮೇಲೆ ಮಸುಕಾದ ಅಥವಾ ಉದುರಿಹೋದ ಎಷ್ಟೋ ಭಾಗಗಳ ರೂಪವನ್ನು ತಿಳಿಯಲು, ಗ್ರಿಫಿತ್ಸ್ ಅವರ ಉಳಿದ ಪಟಗಳನ್ನೂ 1915ರ ಗ್ರಂಥವನ್ನೂ ವಿದ್ವಾಂಸರು ಈಗಲೂ ತೆರೆದು ನೋಡುವರು.

ಪ್ರತಿಯ ಬೆಲೆಯು ಇದರಿಂದ ತಿಳಿಯುವುದು. ಒಡವೆಯನ್ನು ಕಳ್ಳನು ಕದ್ದರೆ ಇನ್ನೊಂದನ್ನು ಮಾಡಿಸಬಹುದು. ಗೋಡೆಯಿಂದ ಉದುರಿದ ಮುಖವನ್ನು, ಅದನ್ನು ಹಿಂದೆ ಪ್ರೀತಿಯಿಂದ ನೋಡಿ ಬರೆದವರಿಲ್ಲದಿದ್ದರೆ, ಯಾರೂ ತಂದುಕೊಡಲಾರರು. ಹೆಸರು ತಿಳಿಯದ ಆ ಭಾರತೀಯ ಚಿತ್ರಗಾರರು ಬರೆದ ನಮ್ಮ ಪೂರ್ವಿಕರ ಮುಖಗಳನ್ನು ಪರದೇಶದ ಹೆಂಗಸೊಬ್ಬರು ತಮ್ಮ ಕಣ್ಣು, ಕೈ, ಹಣ, ವಯಸ್ಸು ಎಲ್ಲವನ್ನೂ ವೆಚ್ಚಮಾಡಿ ನಮಗೆ ತೋರಿಸಿಕೊಟ್ಟರು. ತಮಗೆ ದೊರೆತ ತಲಾಂತನ್ನು ನೆಲದಲ್ಲಿ ಹೂಳಿಡದೆ ದುಡಿಸಿದವರ ಸಾಲಿನಲ್ಲಿ ಅವರಿಗೆ ಸ್ಥಾನವುಂಟು. ಅವರು ಒಬ್ಬರೇ ಆ ಕೀರ್ತಿಯನ್ನು ಹೊರಲಿಲ್ಲವೆಂಬುದೂ ನೆನಪಿನಲ್ಲಿಡತಕ್ಕದ್ದು: ಆ ಗ್ರಂಥದ ಹೆಸರಿನ ಜತೆಯಲ್ಲಿಯೇ, ಲೇಡಿ ಹೆರಿಂಗ್‌ಹ್ಯಾಮ್ ಮತ್ತು ಅವರ ಸಹಾಯಕರು ಮಾಡಿದ ಪ್ರತಿಗಳೆಂದು ಅಚ್ಚಾಗಿದೆ.

ನಮ್ಮ ಶಾಲೆಯ ಬಾಲಿಕೆಯರು ಮನೆಗೆ ತಂದು ತೋರಿಸುವ ಚಿತ್ರದ ಪುಸ್ತಕದಲ್ಲಿ ಸ್ವಂತ ಚಿತ್ರಗಳ ನಡುವೆ ನೋಡಿ ಬರೆದ ಚಿತ್ರಗಳೂ ಇರುವುವು. ತಂದೆತಾಯಿಗಳು ಅವುಗಳನ್ನು ಬೇಗನೆ ಮಗುಚಿಹಾಕದೆ ಒಂದು ಗಳಿಗೆ ನಿಂತು ನೋಡಬೇಕು. ಕಣ್ಣಿಟ್ಟು ನೋಡಲು ಕಲಿತ ಮಗುವು ಮನುಷ್ಯರನ್ನೂ ಕಣ್ಣಿಟ್ಟು ನೋಡಲು ಕಲಿಯುವುದು. ಮನೆಯ ಪೆಟ್ಟಿಗೆಯಲ್ಲಿ ಮಾಸಿಹೋಗುತ್ತಿರುವ ಅಜ್ಜಿಯ ಹಸೆಯ ಚಿತ್ರವಾಗಲಿ, ಕಸೂತಿಯ ತುಂಡಾಗಲಿ, ರಂಗೋಲಿಯ ಪುಸ್ತಕವಾಗಲಿ ಇದ್ದರೆ, ಅದನ್ನು ಈ ರಜೆಯಲ್ಲಿ ಮಗಳ ಕೈಯಿಂದ ಒಮ್ಮೆ ಪ್ರತಿಮಾಡಿಸಿ ಇಡುವುದು ಒಳ್ಳೆಯದು. ಮೂಲವು ಎಷ್ಟು ದಿನ ಇರುವುದೆಂಬುದನ್ನು ಬಲ್ಲವರಾರು?